ಹುಲಿಗೆವ್ವ ಆಡಿಷನ್‌ನಲ್ಲಿ ಫೇಲಾದದ್ದು

ಬಹಳ ಹಿಂದೆ, ಅಂದರೆ ಯಾವ ಪಂಚಾಂಗ ತಿರುವಿದರೂ ಸಿಗದಷ್ಟು ಹಿಂದೆ, ಆದರೆ ಮೊಬೈಲ್ ಟವರು ಬಂದ ಮೇಲೆ, ಬಹುದೃಶ್ಯ ಎಂಬ ಒಂದು ರಾಜ್ಯವಿತ್ತು. ಲೋಕವನ್ನೆಲ್ಲ ಸೃಷ್ಟಿಸಿ ಮುಗಿಸಿದ ದೇವರು ಕೈಯಲ್ಲಿ ಉಳಿದ ಚೂರುಪಾರನ್ನು ಅಲ್ಲಿ ಒಂದೇ ಕಡೆ ಕೊಡವಿಬಿಟ್ಟಿದ್ದ. ಬಡಗಣಕ್ಕೆ ಹಿಮದ ಬೆಟ್ಟ, ಮೂಡಣಕ್ಕೆ ಮರಳುಗಾಡು, ಪಡುವಣಕ್ಕೆ ಕಡಲು, ನಡುವೆ ಗುಂಡುಬಂಡೆಗಳ ಗುಡ್ಡ, ಗುಡ್ಡದ ಬುಡದಲ್ಲಿ ಕರಿಹೊಳೆ. ರಾಜಧಾನಿಯಲ್ಲಂತೂ ಒಂದು ಬೀದಿಗೆ ಹಳೇ ಕೋಟೆ, ಪಕ್ಕದ ಬೀದಿಗೆ ಗಾಜಿನ ಕಟ್ಟಡ, ಎರಡಕ್ಕೂ ನಡುವೆ ತೆರೆದ ಚರಂಡಿ.

ಇಂಥ ನಾಡು ಸಿನಿಮಾದವರ ಕಣ್ಣಿಗೆ ಬೀಳದೆ ಇದ್ದೀತೆ? ದೇಶ ದೇಶಗಳಿಂದ ಬಂದರು. ಹಿಮದ ಬೆಟ್ಟ ಸ್ವಿಟ್ಜರ್ಲೆಂಡಿನ ಪಾತ್ರ ಮಾಡಿತು. ಮರಳುಗಾಡು ಮೂವತ್ತು ಸಲ ಅರಬಸ್ತಾನವಾಯಿತು, ನಾಲ್ಕು ಸಲ ಮಂಗಳಗ್ರಹವಾಯಿತು. ಗಾಜಿನ ಬೀದಿ ಸಿಂಗಾಪುರವಾಯಿತು. ಚರಂಡಿಗೂ ಅವಕಾಶ ಸಿಕ್ಕಿತು. ಬಾಂಬು ಬಿದ್ದು ಹಾಳಾದ ನಗರ ಬೇಕು ಎಂದವರು ಅದನ್ನು ಏನೂ ಬದಲಾಯಿಸದೆ ಇದ್ದ ಹಾಗೇ ಬಳಸಿಕೊಂಡರು.

ಆ ನಾಡನ್ನು ಆಳುತ್ತಿದ್ದವರು ಶ್ರೀಮನ್ಮಹಾರಾಜಾಧಿರಾಜ, ದಶದಿಗಂತಕೀರ್ತಿ, ಕ್ಲೋಸಪ್‌ಮಾರ್ತಾಂಡ ಪ್ರಭಾವಳೀಂದ್ರ ಭೂಪಾಲರು. ಅವರು ಕೃಷಿ ಖಾತೆ, ನೀರಾವರಿ ಖಾತೆ, ಆರೋಗ್ಯ ಖಾತೆ ಮೂರನ್ನೂ ಒಂದೇ ಸಹಿಯಲ್ಲಿ ಮುಚ್ಚಿ ಲೊಕೇಶನ್ ಖಾತೆಯನ್ನು ತೆರೆದಿದ್ದರು. ಅದರ ಮಂತ್ರಿ ತಥಾಸ್ತುರಾಯ. ಆತನ ಅರ್ಹತೆ ಒಂದೇ: ಮಹಾರಾಜರು ಬಾಯಿ ತೆರೆಯುವ ಮೊದಲೇ 'ಅಪ್ಪಣೆ' ಎನ್ನುವ ವೇಗ. ಒಮ್ಮೆ ಮಹಾರಾಜರು ಆಕಳಿಸಲು ಬಾಯಿ ತೆರೆದಾಗಲೂ 'ಅಪ್ಪಣೆ' ಎಂದುಬಿಟ್ಟ. ಇಡೀ ಆಸ್ಥಾನ ನಡುಹಗಲಲ್ಲಿ ಮಲಗಬೇಕಾಯಿತು.

ಒಂದು ದಿನ ಮಹಾರಾಜರಿಗೆ ವ್ಯಥೆ ಉಂಟಾಯಿತು.

"ರಾಯರೇ, ನಮ್ಮ ನಾಡು ಕಂಡಕಂಡವರ ನಾಡಾಗಿ ನಟಿಸಿತು. ನಮ್ಮ ನಾಡಾಗಿ ಒಮ್ಮೆಯೂ ನಟಿಸಲಿಲ್ಲವಲ್ಲ?"

"ಅಪ್ಪಣೆ! ಎಂಥ ಒಳನೋಟ ಪ್ರಭು! ನಾಡಿನಲ್ಲೇ ಹುಟ್ಟಿ ಬೆಳೆದ ನಮಗೆ ಹೊಳೆಯಲಿಲ್ಲ. ಸಿಂಹಾಸನದ ಮೇಲಿಂದ ನೋಡಿದರೇ ಕಾಣುವ ವಿಚಾರ ಇದು."

ಕೂಡಲೆ ಡೈರೆಕ್ಟರ್ ಸೌಗಂಧರಾಜನಿಗೆ ಕರೆ ಹೋಯಿತು. ಆತ ಎರಡೂ ಕೈಯ ಬೆರಳುಗಳಿಂದ ಚೌಕ ಮಾಡಿ ಅದರೊಳಗಿಂದಲೇ ಲೋಕವನ್ನು ನೋಡುವ ಮನುಷ್ಯ. ಎಲೆಯ ಮೇಲಿನ ಅನ್ನವನ್ನೂ ಹಾಗೇ ನೋಡಿ, ಹಿಡಿಸಿದರೆ ಉಣ್ಣುತ್ತಿದ್ದ. ಮೂರು ತಿಂಗಳು ನಾಡು ಸುತ್ತಿ ಬಂದು ವರದಿ ಒಪ್ಪಿಸಿದ.

"ಲೊಕೇಶನ್ ಫಸ್ಟ್ ಕ್ಲಾಸ್ ಪ್ರಭು. ಬೆಟ್ಟ ಬೆಟ್ಟದ ಥರಾನೇ ಇದೆ. ಹೊಳೆಗೆ ಒಳ್ಳೆ ಮುಖಭಾವ ಇದೆ. ಪ್ರಾಬ್ಲಮ್ ಇರೋದು ಪ್ರಜೆಗಳದ್ದು. ಒಬ್ಬರೂ ಪಾತ್ರಕ್ಕೆ ಸೂಟ್ ಆಗ್ತಿಲ್ಲ. ಕುರುಬ ಕುರುಬನ ಥರ ಕಾಣಲ್ಲ. ಬೆಸ್ತ ಬೆಸ್ತನ ಥರ ನಿಲ್ಲಲ್ಲ. ನೋಡಿದ್ರೆ ಯಾರೋ ಕೆಲಸ ಮಾಡಿ ಸುಸ್ತಾದವರ ಥರ ಇರ್ತಾರೆ."

ಮಹಾರಾಜರು ಹೌಹಾರಿದರು. ಇಷ್ಟು ವರ್ಷ ತಾವು ಆಳಿದ್ದು ಯಾರನ್ನು ಹಾಗಾದರೆ?

ಮಾರನೆಯ ದಿನ ಡಂಗುರ ಹೊಡೆಸಿದರು: 'ಸಮಸ್ತ ಪ್ರಜೆಗಳೂ ತಂತಮ್ಮ ಪಾತ್ರಕ್ಕೆ ತಾವೇ ಆಡಿಷನ್ ಕೊಡತಕ್ಕದ್ದು. ಉತ್ತೀರ್ಣರಾದವರು ಸದರಿ ಪಾತ್ರದಲ್ಲಿ ಬದುಕನ್ನು ಮುಂದುವರಿಸತಕ್ಕದ್ದು. ಅನುತ್ತೀರ್ಣರಾದವರ ಪಾತ್ರವನ್ನು, ಕಸುಬು ಮತ್ತು ಸಲಕರಣೆ ಸಮೇತ, ಯೋಗ್ಯ ಕಲಾವಿದರಿಗೆ ವಹಿಸಲಾಗುವುದು.'

ಡಂಗುರ ಕರಿಹೊಳೆಯ ದಂಡೆಯ ಬಂಡೆಹಾಳಿಗೆ ಬಂದಾಗ ಹುಲಿಗೆವ್ವ ಹರಿಗೋಲನ್ನು ಬೋರಲು ಹಾಕಿ ಬುಡಕ್ಕೆ ಡಾಂಬರು ಬಳಿಯುತ್ತಿದ್ದಳು. ಇಪ್ಪತ್ತೆಂಟು ವರ್ಷದಿಂದ ಆ ಹೊಳೆಯಲ್ಲಿ ಜನರನ್ನು ದಾಟಿಸುತ್ತಿದ್ದವಳು ಅವಳೊಬ್ಬಳೇ. ಅತ್ತೆ ಸಾಯುವಾಗ ಕೈಗೆ ಕೊಟ್ಟಿದ್ದು ಒಂದು ಹರಿಗೋಲು, ಒಂದು ಹುಟ್ಟು. ಗಂಡ ಇದ್ದ. ಮರಳುಗಾಡಿನ ಯುದ್ಧದ ಪಿಕ್ಚರಿಗೆ ಹೆಣವಾಗಿ ಬಿದ್ದುಕೊಳ್ಳಲು ಹೋದವನು, ಹೆಣಕ್ಕೆ ಅಲ್ಲಿ ಒಳ್ಳೆ ಬೇಡಿಕೆ ಇದೆ ಅಂತ ಅಲ್ಲೇ ಉಳಿದುಬಿಟ್ಟಿದ್ದ. ಹೀಗಾಗಿ ಅವಳಿಗೆ ಹೊಳೆಯೇ ಸಂಸಾರ. ಸೇತುವೆ ಇತ್ತು, ಹದಿನೆಂಟು ಮೈಲಿ ಕೆಳಗೆ. ಹರಿಗೋಲು ಹತ್ತಿದರೆ ಒಂದು ವೀಳ್ಯ ಅಗಿದು ಉಗುಳುವಷ್ಟರಲ್ಲಿ ಆಚೆ ದಂಡೆ.

"ಕೇಳಿದೇನಬೇ ಹುಲಿಗೆವ್ವಾ?" ಎಂದ ಚಹಾದಂಗಡಿ ದ್ಯಾಮಣ್ಣ. "ನಾಳೆ ನಾ ಚಹಾ ಮಾರೋನು ಹೌದೋ ಅಲ್ಲೋ ಅಂತ ಪರೀಕ್ಷಾ ಮಾಡ್ತಾರಂತ."

"ನಿನ್ನ ಚಹಾ ಕುಡುದ್ರ ಅನುಮಾನ ಬರೂದ ಬಿಡು."

"ನಗಬ್ಯಾಡ. ನಿನಗೂ ಐತಿ."

"ನನಗೇನಲೇ ಪರೀಕ್ಷಾ? ಹೊಳೀ ದಿನಾ ಮಾಡ್ತೈತಿ. ಒಂದು ದಿನ ಫೇಲಾಗಿದ್ರ ನಿನ್ನ ಮುಂದ ನಿಂದ್ರತಿದ್ನ್ಯಾ?"

ಹೀಗಂದು ಡಾಂಬರಿನ ಕೈಯನ್ನು ಬಂಡೆಗೆ ಒರೆಸಿದಳು. ಅವಳ ಲೆಕ್ಕದಲ್ಲಿ ಅದು ಅಲ್ಲಿಗೆ ಮುಗಿದ ಮಾತಾಗಿತ್ತು.

ಆಡಿಷನ್ ಊರ ಚಾವಡಿಯಲ್ಲಿ ನಡೆಯಿತು. ದ್ಯಾಮಣ್ಣ ಮೊದಲ ಸುತ್ತಿನಲ್ಲೇ ಬಿದ್ದ. ಅವನ ಚಹಾದ ಹೊಗೆ ಕ್ಯಾಮೆರಾಕ್ಕೆ ಸಾಲಲಿಲ್ಲ. ಮೂವತ್ತು ವರ್ಷ ಅಕ್ಷರ ಕಲಿಸಿದ ಮೇಷ್ಟರು ಮೇಷ್ಟರ ಪಾತ್ರದಲ್ಲಿ ನಪಾಸಾದರು, ಯಾಕೆಂದರೆ ಕನ್ನಡಕ ಇರಲಿಲ್ಲ. ಹುಟ್ಟಿದಂದಿನಿಂದ ಒಂದು ತೊಟ್ಟು ಹೆಂಡ ಮುಟ್ಟದ ಶರಣಪ್ಪನ ಕಣ್ಣು ಸಹಜವಾಗೇ ಕೆಂಪು. ಆತ ಕುಡುಕನ ಪಾತ್ರಕ್ಕೆ ಒಂದೇ ಟೇಕಿನಲ್ಲಿ ಆಯ್ಕೆಯಾದ. ಇನ್ನು ಮೇಲೆ ದಿನವೂ ಬೆಳಿಗ್ಗೆ ಹತ್ತಕ್ಕೆ ಕುಡಿದು ಬೀಳತಕ್ಕದ್ದೆಂದು ಅವನಿಗೆ ಸರ್ಕಾರಿ ಆದೇಶ ಕೊಟ್ಟರು. ಪಾಪ, ಆತ ಅದನ್ನು ಹಣೆಗೊತ್ತಿಕೊಂಡು ಅಳುತ್ತ ಹೋದ.

ಹುಲಿಗೆವ್ವನ ಸರದಿ ಬಂತು. ಚಾವಡಿಯ ಕಲ್ಲುಹಾಸಿನ ಮೇಲೆ ಅವಳದೇ ಹರಿಗೋಲನ್ನು ತಂದಿಟ್ಟಿದ್ದರು. ನೀರು ಬಿಟ್ಟು ಇಷ್ಟು ದೂರ ಅದು ಯಾವತ್ತೂ ಬಂದಿರಲಿಲ್ಲ. ಮಗುಚಿದ ಆಮೆಯ ಹಾಗೆ ಕಂಡಿತು ಅವಳಿಗೆ.

"ಹೆಸರು?" ಎಂದ ಗುಮಾಸ್ತ.

"ಹುಲಿಗೆವ್ವ."

"ಯಾವ ಪಾತ್ರಕ್ಕೆ?"

"ಪಾತ್ರ ಅಲ್ಲಪ್ಪ. ಹರಿಗೋಲು ನಡಸ್ತೀನಿ."

"ಅದೇ, ಅಂಬಿಗಿತ್ತಿ ಪಾತ್ರ. ಅನುಭವ ಎಷ್ಟು ವರ್ಷ?"

"ಇಪ್ಪತ್ತೆಂಟು."

"ಕ್ಯಾಮೆರಾ ಮುಂದೆ?"

"ಹೊಳೀ ಮುಂದ."

ಗುಮಾಸ್ತ 'ಅನುಭವ: ಇಲ್ಲ' ಎಂದು ಬರೆದುಕೊಂಡ.

ಸೌಗಂಧರಾಜ ಬೆರಳಿನ ಚೌಕದೊಳಗಿಂದ ಅವಳನ್ನು ನೋಡಿದ. "ಹತ್ತಮ್ಮ. ಹುಟ್ಟು ಹಾಕು."

"ಕಲ್ಲಿನ ಮ್ಯಾಲ್ಯಾ?"

"ನೀರಿದೆ ಅಂದ್ಕೋ."

"ನೀರೈತಿ ಅನ್ಕೊಂಡು ಹೋದೋರೂ ಸತ್ತಾರ, ಇಲ್ಲ ಅನ್ಕೊಂಡು ಹೋದೋರೂ ಸತ್ತಾರ. ಅನ್ಕೊಳ್ಳಾದಲ್ರೀ, ನೀರು ನೋಡಬೇಕು."

"ಸರಿ ಸರಿ. ಒಂದು ಹಾಡು ಹೇಳು."

"ಯಾಕ್ರಿ?"

"ಅಂಬಿಗರು ಹಾಡ್ತಾರೆ."

"ಹಾಡು ಹೇಳ್ಕೋತ ಹುಟ್ಟು ಹಾಕಿದ್ರ ಉಸುರು ಎಲ್ಲಿಂದ ತರ್ಲಿ? ಹಾಡಾದು ಕುಂತೋರು. ಅವ್ರಿಗೇನು ಕೆಲ್ಸ?"

ಚಾವಡಿಯ ಕಿಟಕಿಗೆ ಜೋತುಬಿದ್ದಿದ್ದ ಜನ ಕಿಸಕ್ಕೆಂದರು. ಸೌಗಂಧರಾಜನ ಮೂಗು ಕೆಂಪಾಯಿತು.

"ನಗು ಸ್ವಲ್ಪ."

"ಯಾರಿಗೆ?"

"ಹೊಳೆಗೆ! ಹೊಳೆ ನಿನ್ನ ತಾಯಿ ಅಲ್ವಾ?"

ಹುಲಿಗೆವ್ವ ಅವನನ್ನೇ ನೋಡಿದಳು. ಕಂಠಪೂರ್ತಿ ಕುಡಿದವನು ಹರಿಗೋಲಿಗೆ ಕಾಲಿಡಲು ಬಂದಾಗ ಅವಳು ನೋಡುವ ನೋಟ ಅದು. "ಅಕೀ ನನ್ನ ಮೈದುನನ್ನ ನುಂಗ್ಯಾಳ. ಒಂದು ಹೋರಿಗರ ನುಂಗ್ಯಾಳ. ನಕ್ಕರ ಸುಮ್ನ ಬಿಡ್ತಾಳೇನು?"

"ಕಟ್! ನೋಡ್ರೀ ಆ ಮುಖ. ಪ್ರೀತಿ ಇಲ್ಲ, ಭಾವ ಇಲ್ಲ, ಹೊಳೆ ಬಗ್ಗೆ ಗೌರವ ಇಲ್ಲ. ನೆಕ್ಸ್ಟ್!"

ನೆಕ್ಸ್ಟ್ ಬಂದವಳು ರಾಜಧಾನಿಯ ತಾರೆ ಮಂದಸ್ಮಿತಾ. ಹಸಿರು ಸೀರೆ, ಮೂಗಿಗೆ ಅಂಗೈಯಗಲದ ನತ್ತು, ನಡುವಿಗೆ ಕೊಡ. ಹರಿಗೋಲಿನಲ್ಲಿ ನಿಂತು 'ಅಮ್ಮಾ ಹೊಳೆಯೇ' ಎಂದು ಕಣ್ಣಿಗೆ ಗ್ಲಿಸರಿನ್ ಹಾಕಿಕೊಂಡು ಅತ್ತಳು, ಅಳುತ್ತಲೇ ಹಾಡಿದಳು, ಹಾಡುತ್ತಲೇ ನಕ್ಕಳು. ಸೌಗಂಧರಾಜ ಕಣ್ಣೊರೆಸಿಕೊಂಡ. ತಥಾಸ್ತುರಾಯ ಎರಡು ಸಲ ಒರೆಸಿಕೊಂಡ. ಹುಟ್ಟನ್ನು ಅವಳು ತಲೆಕೆಳಗಾಗಿ ಹಿಡಿದಿದ್ದಳು. ತಡೆಯಲಾಗದೆ ಹುಲಿಗೆವ್ವ ಹೋಗಿ ಅದನ್ನು ತಿರುಗಿಸಿ ಕೈಗೆ ಕೊಟ್ಟಳು.

"ಅಕ್ಕಾ," ಎಂದಳು ಮಂದಸ್ಮಿತಾ ಪಿಸುಮಾತಿನಲ್ಲಿ, "ನಿಜವಾಗ್ಲೂ ನೀರಲ್ಲೇ ಮಾಡಿಸ್ತಾರಾ? ನಂಗೆ ಬಕೆಟ್ ನೀರು ಕಂಡ್ರೂ ಎದೆ ಡವಡವ ಅನ್ನುತ್ತೆ."

"ಸೀರಿ ಎತ್ತಿ ಕಟ್ಟವ್ವ. ಏನಾದ್ರೂ ಆಗಲಿ, ಏಳಬ್ಯಾಡ. ತಳದಾಗ ಕುಂತಾರನ್ನ ಹರಿಗೋಲು ಬೀಳಸಾದಿಲ್ಲ."

ಸಂಜೆಯ ಹೊತ್ತಿಗೆ ಫಲಿತಾಂಶ ಬಂತು. ಹುಲಿಗೆವ್ವನ ಚೀಟಿಯಲ್ಲಿ ಹೀಗಿತ್ತು: 'ಅನುತ್ತೀರ್ಣ. ಅರ್ಜಿದಾರಳು ತನ್ನಂತೆ ಕಾಣುವುದಿಲ್ಲ.' ಹುಟ್ಟಿಗೆ 'ಪ್ರಾಪರ್ಟಿ' ಎಂಬ ಚೀಟಿ ಅಂಟಿಸಿ ಪೆಟ್ಟಿಗೆಗೆ ಹಾಕಿ ಬೀಗ ಜಡಿದರು.

"ಅಲ್ಲಪ್ಪ, ಹರಿಗೋಲು ನಡಸಾಕಿ ಅಕಿ ಆದ್ರ, ನಾ ಯಾರು?" ಎಂದು ಹುಲಿಗೆವ್ವ ಗುಮಾಸ್ತನನ್ನು ಕೇಳಿದಳು.

ಗುಮಾಸ್ತ ಪಟ್ಟಿ ನೋಡಿದ. "ಸದ್ಯಕ್ಕೆ ಯಾರೂ ಅಲ್ಲ. ಗುಂಪಿನ ಸೀನಿಗೆ ಜನ ಕಮ್ಮಿ ಬಿದ್ರೆ ಹೇಳಿ ಕಳಿಸ್ತೀವಿ."

ಅಂದಿನಿಂದ ಬಂಡೆಹಾಳಿನಲ್ಲಿ ಹೊಳೆ ದಾಟುವುದು ನಿಂತಿತು. ಉತ್ತೀರ್ಣಳಾದ ಅಂಬಿಗಿತ್ತಿ ಶೂಟಿಂಗಿನ ದಿನವಷ್ಟೇ ಬರುವವಳು. ಉಳಿದ ದಿನ ಹೋಟೆಲಿನಲ್ಲಿ ಇರುವವಳು. ಹಾಲು ಮಾರುವವರು, ಕುರಿ ಕಾಯುವವರು, ಆಚೆ ದಂಡೆಗೆ ಹೆಣ್ಣು ಕೊಟ್ಟವರು, ಎಲ್ಲರೂ ಹದಿನೆಂಟು ಮೈಲಿ ಸುತ್ತಿ ಸೇತುವೆಗೆ ನಡೆದರು. ಹಾಲು ಆಚೆ ದಂಡೆಗೆ ಮುಟ್ಟುವಷ್ಟರಲ್ಲಿ ಮೊಸರಾಗಿರುತ್ತಿತ್ತು. ಹುಲಿಗೆವ್ವ ದಂಡೆಯ ಬಂಡೆಯ ಮೇಲೆ ಕೂತು ಖಾಲಿ ಕೈ ನೋಡಿಕೊಳ್ಳುತ್ತಿದ್ದಳು. ಅಂಗೈಯಲ್ಲಿ ಹುಟ್ಟಿನ ಜಡ್ಡು ಹಾಗೇ ಇತ್ತು. ಅದನ್ನೂ ಜಪ್ತಿ ಮಾಡಬಹುದು ಎಂಬುದು ಗುಮಾಸ್ತನಿಗೆ ಹೊಳೆದಿರಲಿಲ್ಲ, ಇಲ್ಲವಾದರೆ ಅದಕ್ಕೂ ಒಂದು ಚೀಟಿ ಅಂಟಿಸುತ್ತಿದ್ದ.

ಶೂಟಿಂಗಿನ ದಿನ ಮಹಾರಾಜರೇ ಬಂದರು. ಮಹಾರಾಜರ ಪಾತ್ರಕ್ಕೆ ಅವರೂ ಆಡಿಷನ್ ಕೊಟ್ಟಿದ್ದರು, ನಿಯಮ ನಿಯಮವೇ. ಅವರು ಬಾಗಿಲಲ್ಲಿ ಕಾಣಿಸಿಕೊಳ್ಳುತ್ತಿದ್ದಂತೆ ಸೌಗಂಧರಾಜ ಅಡ್ಡಬಿದ್ದು 'ಓಕೆ' ಎಂದನಂತೆ. ದೃಶ್ಯ ಇಷ್ಟು: ಪ್ರಜೆಗಳ ಕಷ್ಟ ಅರಿಯಲು ಮಹಾರಾಜರು ಬಡರೈತನ ವೇಷದಲ್ಲಿ ಹೊಳೆ ದಾಟುತ್ತಾರೆ. ಯಾರಾದರೂ ಗುರುತು ಹಿಡಿಯದೆ ಹೋದಾರೆಂದು ರುಮಾಲಿನ ಮೇಲೆ ಕಿರೀಟ ಇಟ್ಟಿದ್ದರು.

ಹರಿಗೋಲಿನಲ್ಲಿ ಮಹಾರಾಜರು ನಿಂತೇ ಇರುತ್ತಾರೆಂದು ಕೇಳಿ ಹುಲಿಗೆವ್ವ ಸಿಪಾಯಿಗಳನ್ನು ಸರಿಸಿಕೊಂಡು ಮಂತ್ರಿಯ ಹತ್ತಿರ ಬಂದಳು.

"ಯಪ್ಪಾ, ದೊರಿಗೆ ಕುಂದ್ರಾಕ ಹೇಳ್ರಿ. ಆನೆಮಡುವಿನ ಸೆಳವು ಐತಿ ಅಲ್ಲಿ. ನಿಂತ್ರ ತಿರುಗತೈತಿ."

ತಥಾಸ್ತುರಾಯ ಯೋಚಿಸಿದ. "ಕೂರಬೇಕೇ? ಮಹಾರಾಜರು ಕೂರುವುದು ಸಿಂಹಾಸನದ ಮೇಲೆ ಮಾತ್ರ."

ಆಮೇಲೆ ಏನು ಮಾಡಿದರು ಅಂತೀರಿ? ಸಿಂಹಾಸನವನ್ನೇ ತಂದರು! ನಾಲ್ಕು ಜನ ಹೊತ್ತು ತಂದು ಬಿದಿರಿನ ಬುಟ್ಟಿಯಂಥ ಆ ಹರಿಗೋಲಿನ ನಟ್ಟನಡುವೆ ಇಟ್ಟರು. ಅದರ ಮೇಲೆ ರೈತ, ರೈತನ ಮೇಲೆ ಕಿರೀಟ, ಪಕ್ಕದಲ್ಲಿ ಗಡಗಡ ನಡುಗುವ ಮಂದಸ್ಮಿತಾ. ಹುಲಿಗೆವ್ವ ಹಣೆ ಚಚ್ಚಿಕೊಂಡಳು.

"ಆ್ಯಕ್ಷನ್!"

ಹರಿಗೋಲು ದಂಡೆ ಬಿಟ್ಟು ಹತ್ತು ಮಾರು ಹೋಯಿತು, ತಿರುಗಲು ಶುರುವಿಟ್ಟಿತು. ಮಹಾರಾಜರು ಒಮ್ಮೆ ಗುಡ್ಡದ ಕಡೆ ಕೈ ಎತ್ತಿದರು, ಒಮ್ಮೆ ಹೊಳೆಯ ಕಡೆ, ಒಮ್ಮೆ ಊರ ಕಡೆ.

"ಅದ್ಭುತ!" ಎಂದು ಸೌಗಂಧರಾಜ ಕುಣಿದ. "ನಾಡಿನ ನಾಲ್ಕೂ ದಿಕ್ಕು ಒಂದೇ ಶಾಟಿನಲ್ಲಿ! ಯಾರೂ ಕಟ್ ಹೇಳಬೇಡಿ!"

"ಕಾಪಾಡ್ರೋ!" ಎಂದು ಮಹಾರಾಜರು ಕೂಗಿದರು.

"ಸಂಭಾಷಣೆ ಎಷ್ಟು ಸಹಜ!" ಎಂದ ತಥಾಸ್ತುರಾಯ. ಇಡೀ ಮಂತ್ರಿಮಂಡಲ ಚಪ್ಪಾಳೆ ತಟ್ಟಿತು. ಮಂದಸ್ಮಿತಾ ಹುಟ್ಟನ್ನು ಬಿಟ್ಟು ತಳದಲ್ಲಿ ಕೂತುಬಿಟ್ಟಿದ್ದಳು. ಅಷ್ಟು ಬುದ್ಧಿ ಆ ಇಡೀ ದಂಡೆಯಲ್ಲಿ ಇನ್ನೊಬ್ಬರಿಗೆ ಇರಲಿಲ್ಲ. ಹರಿಗೋಲು ಆನೆಮಡುವಿನ ಬಾಯಿಗೆ ಸರಿಯತೊಡಗಿತು.

ಹುಲಿಗೆವ್ವ ಸೆರಗು ಬಿಗಿದು ಹೊಳೆಗೆ ಹಾರಿದಳು. ಮೊದಲು ಕೈಗೆ ಸಿಕ್ಕಿದ್ದು ತೇಲಿಬಂದ ತನ್ನ ಹುಟ್ಟು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಈಜಿದಳು.

"ಏಯ್, ಯಾವಳೇ ಅದು? ಫ್ರೇಮ್ ಬಿಟ್ಟು ಆಚೆ ಹೋಗು!" ಎಂದು ಮೈಕಿನಲ್ಲಿ ಕೂಗುತ್ತಿದ್ದರು.

ಹರಿಗೋಲಿನ ಅಂಚು ಹಿಡಿದು ಅವಳು ಕಿರುಚಿದಳು: "ಏ ದೊರಿ! ಇಳಿಯೋ ಕೆಳಗ! ಕುಂದ್ರು ತಳದಾಗ!"

ಹುಟ್ಟಿದಂದಿನಿಂದ ಯಾರೂ ಮಹಾರಾಜರಿಗೆ ಹಾಗೆ ಹೇಳಿರಲಿಲ್ಲ. ಅವರು ಇಳಿದು, ಮೊಣಕಾಲು ತಬ್ಬಿಕೊಂಡು, ಅಜ್ಜಿಯ ಮನೆಗೆ ಹೊರಟ ಮೊಮ್ಮಗನ ಹಾಗೆ ಕೂತರು. ಹುಲಿಗೆವ್ವ ಒಳಗೆ ಹತ್ತಿ ಸಿಂಹಾಸನಕ್ಕೆ ಹೆಗಲು ಕೊಟ್ಟು ನೂಕಿದಳು. ಏಳು ತಲೆಮಾರಿನ ಸಿಂಹಾಸನ ಗುಳುಕ್ಕೆಂದು ಹೋಯಿತು. ಹರಿಗೋಲು ಹಗುರಾಯಿತು. ಇಪ್ಪತ್ತೇ ಹುಟ್ಟಿಗೆ ದಂಡೆ ಮುಟ್ಟಿಸಿದಳು.

ನೀರು ಸುರಿಯುತ್ತಿದ್ದ ಮಹಾರಾಜರು ಅವಳನ್ನು ನೋಡಿ ಕೇಳಿದರು: "ಯಾರು ನೀನು?"

"ನಿಮ್ಮ ಗುಮಾಸ್ತನ್ನ ಕೇಳ್ರಿ. ಅವ್ನ ಪಟ್ಟೀವಳಗ ಐತಿ."

"ಏನು ಬೇಕು ಕೇಳು."

"ಬಂಗಾರ ಬ್ಯಾಡ, ಬೆಳ್ಳಿ ಬ್ಯಾಡ. ಈ ಹುಟ್ಟು ನನ್ ಕೈಯಾಗ ಇರ್ಲಿ. ಮಂದೀನ ದಾಟಸ್ತೀನಿ."

ಮಹಾರಾಜರು ಹೂಂ ಎನ್ನಲು ಬಾಯಿ ತೆರೆದರು. ಅಷ್ಟರಲ್ಲಿ ತಥಾಸ್ತುರಾಯ "ಅಪ್ಪಣೆ!" ಎಂದು ಹುಟ್ಟನ್ನು ಕಿತ್ತುಕೊಂಡು, "ಪರಿಶೀಲಿಸಲು ಸಭೆ ಕರೆಯೋಣ" ಎಂದ.

ರಾಜಧಾನಿಯಲ್ಲಿ ಸಭೆ ಸೇರಿತು. ಹುಲಿಗೆವ್ವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ಒಳಗಿನ ಮಾತೆಲ್ಲ ಅವಳಿಗೆ ಕೇಳುತ್ತಿತ್ತು. ಆಸ್ಥಾನದವರು ಮೆಲ್ಲಗೆ ಮಾತಾಡುವುದು ಸುಳ್ಳು ಹೇಳದಿದ್ದಾಗ ಮಾತ್ರ.

"ತೊಡಕು ಏನೆಂದರೆ ಪ್ರಭು," ಎಂದ ತಥಾಸ್ತುರಾಯ, "ಆ ಹೆಂಗಸು ತಮ್ಮನ್ನು ಕಾಪಾಡಿದಳೆಂದರೆ ತಾವು ಅಪಾಯದಲ್ಲಿ ಇದ್ದಿರಿ ಎಂದಾಗುತ್ತದೆ. ತಮ್ಮ ರಾಜ್ಯದಲ್ಲಿ ತಮಗೇ ಅಪಾಯವೆಂದರೆ ಕಾನೂನು ಸುವ್ಯವಸ್ಥೆ ಇಲ್ಲವೆಂದಾಗುತ್ತದೆ. ಆ ಖಾತೆಯೂ ನನ್ನಲ್ಲೇ ಇದೆ."

"ಹಾಗಾದರೆ?"

"ತಾವು ಅಪಾಯದಲ್ಲಿ ಇರಲಿಲ್ಲ. ಸೌಗಂಧರಾಜ, ತೋರಿಸಯ್ಯ."

ಸೌಗಂಧರಾಜ ರೀಲು ಹಾಕಿದ. ಕಂಪ್ಯೂಟರಿನಲ್ಲಿ ಒದ್ದೆ ತಲೆಯ ಹೆಂಗಸನ್ನು ಅಳಿಸಿ ಹಾಕಿದ್ದ. ಮುಳುಗಿದ ಸಿಂಹಾಸನವನ್ನು ತಿರುಗಿ ಕೂರಿಸಿದ್ದ. ಮಹಾರಾಜರು ಕೈ ಎತ್ತುತ್ತಾರೆ, ಹರಿಗೋಲು ತಾನಾಗಿ ಸೆಳವಿಗೆ ಎದುರಾಗಿ ನಡೆದು ದಂಡೆ ಸೇರುತ್ತದೆ.

"ಇದು ಪವಾಡ!" ಎಂದು ರಾಜಪುರೋಹಿತರು ಎದ್ದು ನಿಂತರು.

"ಇದು ವಿಎಫ್‌ಎಕ್ಸ್," ಎಂದ ಸೌಗಂಧರಾಜ.

"ಎರಡೂ ಒಂದೇ," ಎಂದ ತಥಾಸ್ತುರಾಯ, "ಬಜೆಟ್ ಮಾತ್ರ ಬೇರೆ."

ತೀರ್ಪು ಹೊರಬಿತ್ತು. ಮಹಾರಾಜರು ಸ್ವಶಕ್ತಿಯಿಂದಲೇ ಹೊಳೆ ದಾಟಿದ್ದಾರೆ. ರಾಜರೇ ದಾಟಿದ ಮೇಲೆ ಪ್ರಜೆಗಳು ದಾಟಿದಂತೆಯೇ. ಇನ್ನು ಪ್ರತ್ಯೇಕ ಹರಿಗೋಲಿನ ಅಗತ್ಯವಿಲ್ಲ. ಅನುಮತಿಯಿಲ್ಲದೆ ಫ್ರೇಮಿನೊಳಗೆ ಬಂದ ಹೆಂಗಸನ್ನು ಅಪಾರ ಕರುಣೆಯಿಂದ ಕ್ಷಮಿಸಲಾಗಿದೆ.

ಹುಲಿಗೆವ್ವ ಆ ಕ್ಷಮೆಯನ್ನು ಹೊತ್ತುಕೊಂಡು ಹದಿನೈದು ಹರದಾರಿ ನಡೆದು ಊರಿಗೆ ಬಂದಳು. ದ್ಯಾಮಣ್ಣ ದಾರಿ ಕಾಯುತ್ತಿದ್ದ.

"ಹುಟ್ಟು ಕೊಟ್ರೇನಬೇ?"

"ಕ್ಷಮಾ ಕೊಟ್ಟಾರ."

"ಯಾವ ತಪ್ಪಿಗೆ?"

"ಅದನ್ನ ಕೇಳಿದ್ರ ಇನ್ನೊಂದು ಕೊಡ್ತಿದ್ರು. ಸುಮ್ನ ಬಂದೆ."

ಸಿನಿಮಾ ತಯಾರಾಯಿತು. ಮೊದಲ ಪ್ರದರ್ಶನ ಬಂಡೆಹಾಳಿನ ದಂಡೆಯಲ್ಲೇ ಎಂದಾಯಿತು. ಹರಿಗೋಲು ಹತ್ತುತ್ತಿದ್ದ ಜಾಗಕ್ಕೆ ಅಡ್ಡಲಾಗಿ ಅರವತ್ತು ಮೊಳದ ಬಿಳಿ ಪರದೆ ಕಟ್ಟಿದರು. ಮುಂದುಗಡೆ ಜನ, ಹಿಂದುಗಡೆ ಹೊಳೆ. ಹೊಳೆ ನೋಡಬೇಕಾದರೆ ಇನ್ನು ಪರದೆಯ ಮೇಲೇ ನೋಡಬೇಕು. ಟಿಕೆಟ್ ಕಡ್ಡಾಯ, ಕುರುಡರಿಗೆ ಮಾತ್ರ ರಿಯಾಯಿತಿ, ಅದೂ ಅರ್ಧ, ಕಿವಿ ಇದೆಯಲ್ಲ. ಪುರೋಹಿತರು ಗೋಧೂಳಿ ಮುಹೂರ್ತವನ್ನು ಗೊತ್ತುಮಾಡಿದ್ದರಿಂದ ಬಿಸಿಲು ಇಳಿಯುವ ಮೊದಲೇ ಪ್ರೊಜೆಕ್ಟರ್ ಹಚ್ಚಿದರು. ಪರದೆಯ ಮೇಲೆ ನರಪಿಳ್ಳೆಯೂ ಕಾಣಲಿಲ್ಲ. ಮಹಾರಾಜರು ನೋಡುತ್ತಿದ್ದಾರೆಂದು ಎಲ್ಲರೂ ನೋಡಿದರು. ತಥಾಸ್ತುರಾಯ ಬಿಳಿ ಬಟ್ಟೆಗೆ ಆಗಾಗ 'ವಾಹ್' ಎನ್ನುತ್ತಿದ್ದ.

ಅದೇ ಹೊತ್ತಿಗೆ ಸೂಲಗಿತ್ತಿ ಮಾಬವ್ವ ಏದುಸಿರು ಬಿಡುತ್ತ ಬಂದಳು. ಆಚೆ ದಂಡೆಯ ಕುರುಬರ ಹಟ್ಟಿಯವರು ಬಂಡೆ ಹತ್ತಿ ನಿಂತು ಕೂಗು ಹಾಕುತ್ತಿದ್ದಾರೆ. ಬಸುರಿಗೆ ಬೆಳಗಿನಿಂದ ನೋವು, ಕೂಸು ಅಡ್ಡ ಇದೆ. ಸೇತುವೆ ಸುತ್ತಿ ಹೋದರೆ ತಲುಪುವುದು ಹೆಣಕ್ಕೆ.

ಬಾಗಿಲು ಕಾಯುವವನು ತಡೆದ. "ಹೊಳೆ ದಾಟೋ ಸೀನು ಇಂಟರ್ವೆಲ್ ಆದ್ಮೇಲೆ. ಟಿಕೆಟ್ ತಗೊಂಡು ಕೂತ್ಕೋ."

ಮಾಬವ್ವ ಅಲ್ಲೇ ಪರದೆಯ ಅಂಚಿಗೆ ನಿಂತಿದ್ದ ಹುಲಿಗೆವ್ವನ ಮುಖ ನೋಡಿದಳು. ಪರದೆಯ ಹಿಂದೆ ಸಾಮಾನಿನ ರಾಶಿಯಲ್ಲಿ ಹರಿಗೋಲು ಬೋರಲು ಬಿದ್ದಿತ್ತು. ಹುಟ್ಟು ಪೆಟ್ಟಿಗೆಯಲ್ಲಿತ್ತು, ಬೀಗದೊಳಗೆ. ಹೊಸದಾಗಿ ಮಾಡಿಸಿದ ಪ್ಲೈವುಡ್ ಸಿಂಹಾಸನ ಪಕ್ಕದಲ್ಲೇ ಇತ್ತು. ಹುಲಿಗೆವ್ವ ಅದಕ್ಕೆ ಕಾಲು ಕೊಟ್ಟು ಬೆನ್ನುಹಲಗೆಯನ್ನು ಕಿತ್ತಳು.

"ಕುಂದ್ರು ಮಾಬಕ್ಕಾ."

ಸೂರ್ಯ ಆಚೆ ದಂಡೆಯ ಬಂಡೆಗಳ ನೆತ್ತಿಗೆ ತಾಗಿದ್ದ. ಇಳಿಬಿಸಿಲು ಹೊಳೆಯ ಮೇಲಿಂದ ನೇರ ಬಂದು ಪರದೆಯ ಬೆನ್ನಿಗೆ ಬಿತ್ತು. ಬಿಳಿ ಬಟ್ಟೆಯ ಮೇಲೆ ಇದ್ದಕ್ಕಿದ್ದಂತೆ ಒಂದು ದೊಡ್ಡ ಕರಿ ನೆರಳು ಮೂಡಿತು. ಗುಂಡನೆಯ ಹರಿಗೋಲು, ಅದರಲ್ಲಿ ಮುದುರಿ ಕೂತ ಒಂದು ದೇಹ, ಬಾಗಿ ಏಳುವ ಇನ್ನೊಂದು ದೇಹ. ಹಲಗೆ ಎಡಕ್ಕೆ ಬಿತ್ತು, ಬಲಕ್ಕೆ ಬಿತ್ತು. ಸೆಳವು ಎಳೆದಲ್ಲಿ ಸೊಂಟ ಕೊಟ್ಟು ತಿರುಗಿಸಿ, ಅಡ್ಡ ಹಾಯಿಸಿ, ಸೂರ್ಯನ ಕಡೆಗೇ ಹೋಯಿತು.

ಮುಕ್ಕಾಲು ಗಂಟೆಯಿಂದ ಖಾಲಿ ಬಟ್ಟೆ ನೋಡುತ್ತಿದ್ದ ಜನ ಉಸಿರು ಬಿಗಿಹಿಡಿದರು. ದ್ಯಾಮಣ್ಣನಿಗೆ ಆ ತೋಳು ಯಾರದೆಂದು ಗೊತ್ತಾಯಿತು. ಹೇಳಲು ಬಾಯಿ ತೆರೆದವನು, ಸಿಪಾಯಿಯನ್ನು ನೋಡಿ, ಬಾಯಿಗೆ ಬೆರಳಿಟ್ಟು ಸಿಳ್ಳೆ ಹೊಡೆದ. ಊರೆಲ್ಲ ಎದ್ದು ಸಿಳ್ಳೆ ಹೊಡೆಯಿತು.

ಮಹಾರಾಜರ ಕಣ್ಣಲ್ಲಿ ನೀರು. "ಸೌಗಂಧರಾಜ! ಇದು... ಇದು ನಾವೇ?"

ಸೌಗಂಧರಾಜ ಒಮ್ಮೆ ಪ್ರೊಜೆಕ್ಟರಿನ ಕಡೆ ನೋಡಿದ. ಆಮೇಲೆ ಎದ್ದು ಬಾಗಿ ನಮಸ್ಕರಿಸಿದ. "ತಮ್ಮದೇ ಆಂತರ್ಯ ಪ್ರಭು."

ಹಟ್ಟಿಯಲ್ಲಿ ಹೆಣ್ಣು ಕೂಸು ಹುಟ್ಟಿತು. ತಾಯಿ ಉಳಿದಳು. ಮಾರನೆಯ ಬೆಳಿಗ್ಗೆ ಮಾಬವ್ವನೊಡನೆ ದಂಡೆಗೆ ವಾಪಸು ಬಂದ ಹುಲಿಗೆವ್ವನನ್ನು ಸಿಪಾಯಿಗಳು ಹಿಡಿದು ಮಹಾರಾಜರ ಬಿಡಾರಕ್ಕೆ ಕರೆದೊಯ್ದರು. ಜೈಲು ಅಂದುಕೊಂಡೇ ಹೋದಳು. ತಥಾಸ್ತುರಾಯ ನಗುನಗುತ್ತ ಪೆಟ್ಟಿಗೆಯ ಬೀಗ ತೆಗೆದು ಹುಟ್ಟನ್ನು ಅವಳ ಕೈಗಿಟ್ಟ.

"ನಿನ್ನನ್ನು ಆಸ್ಥಾನದ ನೆರಳಾಗಿ ನೇಮಿಸಲಾಗಿದೆ. ದಿನವೂ ಸೂರ್ಯ ಇಳಿಯುವ ಹೊತ್ತಿಗೆ ಪರದೆಯ ಹಿಂದೆ ಹೊಳೆ ದಾಟತಕ್ಕದ್ದು. ಹೊರದೇಶದವರೂ ಬುಕ್ ಮಾಡುತ್ತಿದ್ದಾರೆ."

ಹುಲಿಗೆವ್ವ ಹುಟ್ಟನ್ನು ಸವರಿದಳು. "ನೆರಳರ ಅನ್ರಿ, ಏನರ ಅನ್ರಿ. ಮಂದೀನ ದಾಟಸ್ಬೋದಲ್ಲ?"

"ಮಂದಿಯೇ? ಛೆ ಛೆ." ಪಕ್ಕದಲ್ಲಿದ್ದ ಸೌಗಂಧರಾಜ ಬೆರಳಿನ ಚೌಕ ಎತ್ತಿದ. "ನಿನ್ನೆ ನೆರಳಲ್ಲಿ ಆ ಎರಡನೇ ಉಬ್ಬು ಇತ್ತಲ್ಲ, ಅದು ಕಾಂಪೊಸಿಷನ್ ಕೆಡಿಸ್ತು. ಖಾಲಿ ಹೋಗಬೇಕು, ಖಾಲಿ ಬರಬೇಕು. ಆಚೆ ದಂಡೇಲಿ ಯಾರನ್ನೂ ಹತ್ತಿಸಬಾರದು. ಸಿಪಾಯಿ ಇರ್ತಾನೆ."

"ಒಲ್ಲೆ ಅಂದ್ರ?"

"ಮಂದಸ್ಮಿತಾ ಇದ್ದಾಳೆ. ಅವಳೇ ಹುಟ್ಟು ಹಾಕ್ತಾಳೆ, ಆನೆಮಡುವಿನಲ್ಲಿ."

ಹುಲಿಗೆವ್ವ ಹುಟ್ಟು ಕೆಳಗಿಡಲಿಲ್ಲ.

ಅದೇ ಸಂಜೆ ವೇದಿಕೆಯ ಮೇಲೆ ಮಹಾರಾಜರಿಗೆ 'ಪ್ರಜಾತಾರಕ' ಎಂಬ ಬಿರುದು ಕೊಟ್ಟು ಎರಡನೇ ಕಿರೀಟ ತೊಡಿಸಿದರು, ಮೊದಲನೆಯದರ ಮೇಲೆ. ಮೇಷ್ಟರು, ದ್ಯಾಮಣ್ಣ, ಕುಡಿದು ತೂರಾಡುತ್ತಿದ್ದ ಶರಣಪ್ಪ, ಎಲ್ಲರೂ ಟಿಕೆಟ್ ಕೊಂಡು ಕೂತಿದ್ದರು. ಹುಲಿಗೆವ್ವ ಖಾಲಿ ಹರಿಗೋಲನ್ನು ಹೊಳೆಗೆ ಬಿಟ್ಟಳು. ಆಚೆ ದಂಡೆಯಲ್ಲಿ ಜ್ವರದ ಮುದುಕನನ್ನು ಮಂಚದ ಮೇಲೆ ಹೊತ್ತು ತಂದು ಇಳಿಸಿಕೊಂಡವರು ಎದ್ದು ನಿಂತರು. ಅವಳು ದಂಡೆಗೆ ತಾಗಿದಳು. ಸಿಪಾಯಿ ಬಂದೂಕು ಅಡ್ಡ ಹಿಡಿದ. ಅವರು ಅವಳನ್ನು ನೋಡಿದರು, ಅವಳು ನೀರು ನೋಡಿದಳು. ಖಾಲಿ ತಿರುಗಿದಳು. ಹೊಳೆಯ ನಡುವೆ ಬಂದಾಗ ಪರದೆಯ ಆಚೆಯಿಂದ ಚಪ್ಪಾಳೆ ಕೇಳಿತು.

ಮಾಬವ್ವ ಬಾಣಂತಿಯನ್ನು ನೋಡಿಬರಲು ಚೀಲ ಹಿಡಿದು ದಂಡೆಯ ದಾರಿಯಲ್ಲಿ ಸೇತುವೆಯ ಕಡೆ ಹೊರಟಿದ್ದಳು. ಪರದೆಯ ಮಗ್ಗುಲಲ್ಲಿ ಟಿಕೆಟಿನವನು ಅಡ್ಡ ಬಂದ.

"ನಾ ಸಿನಿಮಾ ನೋಡಾಕ ಬಂದಿಲ್ಲಪ್ಪ. ಸೇತುವೀಗೆ ಹೊಂಟೀನಿ, ಹದಿನೆಂಟು ಮೈಲಿ ಐತಿ."

"ಪರದೆ ಪಕ್ಕದಲ್ಲೇ ಹಾದು ಬಂದ್ಯಲ್ಲ? ಕಣ್ಣು ಬಿಟ್ಟಿತ್ತೋ ಇಲ್ವೋ?"

"ಬಿಟ್ಟಿತ್ತು. ಮುಚ್ಕೊಂಡು ಹೆಂಗ ನಡೀಲಿ?"

"ಹಾಗಾದ್ರೆ ಹಿಂದುಗಡೆಯಿಂದ ನೋಡಿದ್ದಕ್ಕೆ ಅರ್ಧ ಟಿಕೆಟ್."

ಮಾಬವ್ವ ಹೊಳೆಯ ಕಡೆ ತಿರುಗಿದಳು. ಹರಿಗೋಲು ದಂಡೆಯಿಂದ ಹತ್ತು ಮಾರು ದೂರದಲ್ಲಿತ್ತು. ಹುಲಿಗೆವ್ವ ಹುಟ್ಟು ಎತ್ತಿ ಹಿಡಿದು ನಿಲ್ಲಿಸಿದ್ದಳು, ಅದರಿಂದ ನೀರು ತೊಟ್ಟಿಕ್ಕುತ್ತಿತ್ತು. ಮಾಬವ್ವ ಸೆರಗಿನ ಗಂಟು ಬಿಚ್ಚಿ, ನಾಣ್ಯ ತೆಗೆದು ಟಿಕೆಟಿನವನ ಅಂಗೈಗೆ ಹಾಕಿ, ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿ ನಡೆದಳು.

"ನೆರಳು ಯಾಕೆ ನಿಂತಿತು?" ಎಂದು ಮುಂದಿನ ಸಾಲಿನಿಂದ ಮಹಾರಾಜರ ದನಿ ಕೇಳಿತು.

"ಅಪ್ಪಣೆ!" ಎಂದ ತಥಾಸ್ತುರಾಯ. "ಇಂಟರ್ವೆಲ್!"